ನೇರಳೆ ಬಣ್ಣದ್ದೆಲ್ಲ ಗೆಡ್ಡೆಯಲ್ಲ

ಕಳೆದ ಬೇಸಿಗೆಯ ಒಂದು ಶನಿವಾರ ಸಂಜೆ ವೈಟ್‌ಫೀಲ್ಡಿನ ನನ್ನ ಚಿಕಿತ್ಸಾಲಯಕ್ಕೆ ತಾಯಿ, ಮಗಳು ಬಂದರು. ಮಗಳಿಗೆ ಹದಿಮೂರು ವರ್ಷ. ಬಂದದ್ದು ಕೆಮ್ಮಿಗೆ. ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟಾಗ ನನ್ನ ಗಮನ ಹೋದದ್ದು ಹುಡುಗಿಯ ಕತ್ತಿನ ಹಿಂಭಾಗಕ್ಕೆ. ಅಲ್ಲಿಯ ಚರ್ಮ ಕಪ್ಪಾಗಿ, ಮಖಮಲ್ಲಿನ ಹಾಗೆ ದಪ್ಪವಾಗಿತ್ತು. "ಎಷ್ಟು ಉಜ್ಜಿದ್ರೂ ಹೋಗಲ್ಲ ಡಾಕ್ಟ್ರೇ, ಬಿಸಿಲಿಗೆ ಕಪ್ಪಾಗಿದೆ ಅನ್ಸುತ್ತೆ" ಎಂದರು ತಾಯಿ. ಅದು ಕೊಳೆಯೂ ಅಲ್ಲ, ಬಿಸಿಲಿನ ಕಪ್ಪೂ ಅಲ್ಲ. ತೂಕ ಹೆಚ್ಚಿರುವ ಮಕ್ಕಳಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಅದರ ಪ್ರಮಾಣ ರಕ್ತದಲ್ಲಿ ಏರತೊಡಗಿದಾಗ ಚರ್ಮ ಕೊಡುವ ಮುನ್ಸೂಚನೆ ಅದು. ಮುಂದೆ ಮಧುಮೇಹ ಬರಬಹುದು, ಈಗಲೇ ಎಚ್ಚರವಾಗಿರಿ ಎಂದು ದೇಹವೇ ಬರೆದ ಚೀಟಿ.

ಊಟ ತಿಂಡಿಯ ವಿಚಾರ ಕೇಳಿದೆ. ತಾಯಿ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು: "ಹೊರಗಡೆದು ಪೂರ್ತಿ ನಿಲ್ಲಿಸಿದ್ದೀನಿ ಡಾಕ್ಟ್ರೇ. ಮಾಲ್‌ನಲ್ಲಿ ಇವಳು ಟಾರೋ ಮಿಲ್ಕ್ ಟೀ ಅಂತ ನೇರಳೆ ಬಣ್ಣದ್ದು ಕುಡೀತಿದ್ಲು. ಈಗ ಪುಡಿ ತರಿಸಿ ಮನೇಲೇ ಮಾಡಿಕೊಡ್ತೀನಿ, ಬೆಳಿಗ್ಗೆ ಒಂದು, ಸ್ಕೂಲಿಂದ ಬಂದ ಮೇಲೆ ಒಂದು. ಗೆಡ್ಡೆ ಅಲ್ವಾ, ಒಳ್ಳೇದೇ ತಾನೆ?"

ಆ ಪುಡಿಯ ಪೊಟ್ಟಣದ ಚಿತ್ರ ಅವರ ಮೊಬೈಲಿನಲ್ಲಿತ್ತು. ದೊಡ್ಡದು ಮಾಡಿ ಇಬ್ಬರೂ ಓದಿದೆವು. ಮೊದಲ ಹೆಸರು ಸಕ್ಕರೆ. ಎರಡನೆಯದು ಹಾಲಿನ ಬದಲಿಗೆ ಬಳಸುವ ಕೆನೆಪುಡಿ, ಅಂದರೆ ಗ್ಲೂಕೋಸ್ ಪಾಕ ಮತ್ತು ವನಸ್ಪತಿ ಕೊಬ್ಬು. ಆಮೇಲೆ ಪರಿಮಳ. ಆಮೇಲೆ ಬಣ್ಣ. ಗೆಡ್ಡೆಯ ಹೆಸರು ಕಟ್ಟಕಡೆಗೆ, ಅದೂ ಚೂರು. ಒಂದು ಲೋಟಕ್ಕೆ ಮೂರು ದೊಡ್ಡ ಚಮಚ ಪುಡಿ, ಅದರ ಮೇಲೆ ಎರಡು ಚಮಚ ಸಕ್ಕರೆ. ಎರಡು ಲೋಟಕ್ಕೆ ಲೆಕ್ಕ ಹಾಕಿದಾಗ ದಿನಕ್ಕೆ ಸುಮಾರು 60 ಗ್ರಾಂ ಸಕ್ಕರೆ ಹುಡುಗಿಯ ಹೊಟ್ಟೆ ಸೇರುತ್ತಿತ್ತು. ಎಂದರೆ ಹನ್ನೆರಡು ಟೀ ಚಮಚ. ತಾಯಿಯ ಮುಖ ಬಾಡಿತು. "ನಾನೇ ಕೈಯಾರೆ ಕೊಟ್ಟೆನಲ್ಲ ಡಾಕ್ಟ್ರೇ" ಎಂದರು.

ಇದು ಆ ಒಬ್ಬ ತಾಯಿಯ ತಪ್ಪಲ್ಲ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಎಷ್ಟೋ ಮನೆಗಳಲ್ಲಿ ಇಂದು ನಡೆಯುತ್ತಿರುವುದು ಇದೇ. 'ಮನೆಯಲ್ಲೇ ಮಾಡಿದ್ದು' ಎಂಬ ಮಾತಿಗೆ ನಮ್ಮಲ್ಲಿ ಬಲು ಗೌರವ. ಆದರೆ ಅಂಗಡಿಯ ಪುಡಿಗೆ ಮನೆಯ ಹಾಲು ಬೆರೆಸಿದರೆ ಅದು ಮನೆಯ ಅಡುಗೆಯಾಗುವುದಿಲ್ಲ. ಅಂಗಡಿಯನ್ನೇ ಅಡುಗೆಮನೆಗೆ ತಂದಂತೆ, ಅಷ್ಟೆ. ಹಾಗಾದರೆ ಮಕ್ಕಳಿಗೆ ಈ ಪಾನೀಯವೇ ಬೇಡವೆ? ಬೇಕಾದರೆ ಮಾಡಿ ಕೊಡಿ, ಆದರೆ ಗೆಡ್ಡೆಯಿಂದ ಮಾಡಿ. ನೇರಳೆ ಬಣ್ಣದ ಹಠ ಬಿಡಿ. ಇಂದಿನ ಅಂಕಣದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಯಾಕೆ, ಹೇಗೆ ಎಂಬುದನ್ನು ವಿವರಿಸುತ್ತೇನೆ.

ಈ ಟಾರೋ ಯಾರು?

ಟಾರೋ ಎಂದರೆ ವಿದೇಶದಿಂದ ಬಂದ ಹೊಸ ತರಕಾರಿಯೆಂದು ಎಷ್ಟೋ ಜನ ತಿಳಿದಿದ್ದಾರೆ. ಅದು ನಮ್ಮ ಕೆಸುವಿನ ಗೆಡ್ಡೆಯೇ. ಬೆಂಗಳೂರು, ಮೈಸೂರು ಕಡೆಯವರು ಸಾಮೆಗೆಡ್ಡೆ ಎನ್ನುತ್ತಾರೆ. ಇದರ ಎಲೆಯಿಂದ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲದ ಪತ್ರೊಡೆ ಆಗುತ್ತದೆ. ಗೆಡ್ಡೆಯಿಂದ ಹುಳಿ, ಪಲ್ಯ, ಹುರಿದ ತುಂಡು. ಹಾಲು, ಟೀ ಬೆರೆಸಿ ತಣ್ಣಗೆ ಕುಡಿಯುವ ಈಗಿನ ಪದ್ಧತಿ 1980ರ ದಶಕದಲ್ಲಿ ತೈವಾನಿನಲ್ಲಿ ಶುರುವಾದ ಬಬಲ್ ಟೀಯಿಂದ ಬಂದದ್ದು. ಆ ಲೋಟದ ತಳದಲ್ಲಿ ಇರುವ ಕಪ್ಪು ಗುಂಡುಗಳೂ ನಮಗೆ ಅಪರಿಚಿತವಲ್ಲ. ಅವು ಮರಗೆಣಸಿನ ಹಿಟ್ಟಿನವು. ಸೇಲಂ ಕಡೆಯಿಂದ ನಮಗೆ ಬರುವ ಸಬ್ಬಕ್ಕಿಯೂ ಅದೇ ಮರಗೆಣಸಿನದು.

ಸಾಮೆಗೆಡ್ಡೆಯನ್ನು ಕೊಯ್ದು ನೋಡಿ. ಒಳಗೆ ಬಿಳಿ. ಕೆಲವು ತಳಿಗಳಲ್ಲಿ ಅಲ್ಲಲ್ಲಿ ನೇರಳೆ ಗೆರೆ, ಚುಕ್ಕೆ. ಬೇಯಿಸಿದರೆ ಬೂದು ಬಿಳುಪು. ಟೀ ಬೆರೆತ ಮೇಲೆ ಇನ್ನಷ್ಟು ಮಾಸಲು. ಅಂಗಡಿಯ ಲೋಟದಲ್ಲಿ ಕಾಣುವ ಆ ಗಾಢ ನೇರಳೆಯನ್ನು ಈ ಗೆಡ್ಡೆ ಎಷ್ಟು ಹಾಕಿದರೂ ಕೊಡಲಾರದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರೆ. ಹಾಗೆಯೇ ನೇರಳೆಯಾಗಿರುವುದೆಲ್ಲ ಗೆಡ್ಡೆಯೂ ಅಲ್ಲ.

ನಿಜವಾಗಿ ನೇರಳೆ ತಿರುಳಿರುವ ಗೆಣಸುಗಳು ಬೇರೆ ಇವೆ. ಕೊಡಗಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪುತ್ತರಿ ಹಬ್ಬದ ಹೊತ್ತಿಗೆ ಅಲ್ಲಿಯ ಸಂತೆಗಳಿಗೆ ಬರುವ ಪುತ್ತರಿ ಗೆಣಸು ಬಳ್ಳಿಗೆಣಸಿನ ಜಾತಿಯದು. ಕೊಯ್ದರೆ ಒಳಗೆಲ್ಲ ನೇರಳೆ. ಫಿಲಿಪ್ಪೀನ್ಸಿನವರು ಇದೇ ಜಾತಿಯ ಗೆಣಸನ್ನು 'ಉಬೆ' ಎಂದು ಕರೆದು ಸಿಹಿತಿಂಡಿ ಮಾಡುತ್ತಾರೆ. ಉತ್ತರ ಕನ್ನಡದ ಜೋಯಿಡಾದಲ್ಲಿ ಕುಣಬಿ ಸಮುದಾಯದವರು ಬೆಳೆದ ಗೆಡ್ಡೆಗೆಣಸುಗಳ ಮೇಳ ನಡೆಯುತ್ತದೆ. ಅಲ್ಲಿಯ ರಾಶಿ ನೋಡಿದವರಿಗೆ ನಮ್ಮ ನೆಲದಲ್ಲಿ ಎಷ್ಟು ಬಗೆ ಉಳಿದಿವೆ ಎಂದು ಆಶ್ಚರ್ಯವಾಗದಿರದು. ಇನ್ನು ಸಿಹಿಗೆಣಸಿನಲ್ಲಿ ತಿರುವನಂತಪುರದ ಕೇಂದ್ರೀಯ ಗೆಡ್ಡೆಗೆಣಸು ಬೆಳೆಗಳ ಸಂಶೋಧನಾ ಸಂಸ್ಥೆ 'ಭೂ ಕೃಷ್ಣ' ಎಂಬ ನೇರಳೆ ತಿರುಳಿನ ತಳಿಯನ್ನು ಹೊರತಂದಿದೆ. ಈ ಗೆಣಸುಗಳ ಬಣ್ಣಕ್ಕೆ ಕಾರಣ ಆಂಥೋಸಯನಿನ್ ಎಂಬ ಸಹಜ ವರ್ಣದ್ರವ್ಯ. ನೇರಳೆ ಹಣ್ಣಿನಲ್ಲಿ, ಕಪ್ಪು ದ್ರಾಕ್ಷಿಯ ಸಿಪ್ಪೆಯಲ್ಲಿ ಇರುವುದೂ ಇದೇ ಗುಂಪಿನದು.

ಬಣ್ಣ ಎಲ್ಲಿಂದ ಬಂತು?

ಗೆಡ್ಡೆ ಕೊಡದ ಬಣ್ಣವನ್ನು ಪುಡಿಯಲ್ಲಿ ಯಾರೋ ಕೊಡಲೇಬೇಕು. ನಮ್ಮ ದೇಶದಲ್ಲಿ ಆಹಾರಕ್ಕೆ ಬಳಸಲು ಅನುಮತಿ ಇರುವ ಕೃತಕ ಬಣ್ಣಗಳು ಎಂಟು. ಅವನ್ನೂ ಎಲ್ಲ ತಿನಿಸಿಗೂ, ಎಷ್ಟೆಂದರಷ್ಟು ಹಾಕುವಂತಿಲ್ಲ. ಕೆಂಪೂ ನೀಲಿಯೂ ಬೆರೆತರೆ ನೇರಳೆ. ಆದ್ದರಿಂದ ಪೊಟ್ಟಣದ ಹಿಂಬದಿಯಲ್ಲಿ 122, 124, 133 ಎಂಬ ಸಂಖ್ಯೆಗಳು ಕಂಡರೆ ಅವು ಕಾರ್ಮೋಯ್ಸಿನ್, ಪಾನ್ಸೋ 4ಆರ್ ಎಂಬ ಕೆಂಪುಗಳು ಮತ್ತು ಬ್ರಿಲಿಯಂಟ್ ಬ್ಲೂ ಎಂಬ ನೀಲಿ ಎಂದು ತಿಳಿಯಿರಿ. ಮಿತಿಯೊಳಗಿದ್ದರೆ ಒಂದು ಲೋಟದಿಂದ ಯಾರಿಗೂ ಅಪಾಯವಿಲ್ಲ. ಓದುಗರನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. ತೊಂದರೆ ಇರುವುದು ಮಿತಿ ಮೀರಿದಾಗ ಮತ್ತು ಬಟ್ಟೆಗೆ ಹಾಕುವ ಬಣ್ಣ ಊಟಕ್ಕೆ ಬಂದಾಗ. ಅದು ಬರುತ್ತದೆಯೆ? ಬಂದ ಉದಾಹರಣೆ ನಮ್ಮ ಕಣ್ಣ ಮುಂದೆಯೇ ಇದೆ. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷಿಸಿದ ಗೋಬಿಯ 171 ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡುಬಂದಿದ್ದವು. ಬಾಂಬೆ ಮಿಠಾಯಿಯಲ್ಲಿ ರೋಡಮಿನ್-ಬಿ ಎಂಬ, ಆಹಾರಕ್ಕೆ ಸಲ್ಲದ ಬಣ್ಣವೂ ಸಿಕ್ಕಿತ್ತು. ಚೀಟಿ ಇಲ್ಲದ, ಬಿಡಿಯಾಗಿ ಮಾರುವ ನೇರಳೆ ಪುಡಿಯನ್ನು ನಾನು ಬೇಡವೆನ್ನುವುದು ಈ ಕಾರಣಕ್ಕೆ.

ಮನೆಯಲ್ಲೇ ಮಾಡಬಹುದಾದ ಒಂದು ಸುಲಭ ಪರೀಕ್ಷೆ ಇದೆ. ಗೆಣಸಿನದೆಂದು ಹೇಳುವ ನೇರಳೆ ಪುಡಿಯನ್ನು ಸ್ವಲ್ಪ ನೀರಿಗೆ ಕಲಸಿ, ಎರಡು ಲೋಟಕ್ಕೆ ಹಂಚಿ. ಒಂದಕ್ಕೆ ನಾಲ್ಕು ಹನಿ ನಿಂಬೆರಸ, ಇನ್ನೊಂದಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿ. ಬಣ್ಣ ಆಂಥೋಸಯನಿನ್‌ನದಾದರೆ ನಿಂಬೆ ಬಿದ್ದದ್ದು ಗುಲಾಬಿ ಕೆಂಪಿಗೆ, ಸೋಡಾ ಬಿದ್ದದ್ದು ನೀಲಿ ಹಸಿರಿಗೆ ತಿರುಗುತ್ತದೆ. ಎರಡರಲ್ಲೂ ಬಣ್ಣ ಕದಲದೆ ನಿಂತರೆ ಅದು ಗೆಣಸಿನ ಬಣ್ಣವಲ್ಲ. ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ಮಾಡಿ. ನಮ್ಮ ಉಪದೇಶಕ್ಕಿಂತ ಇದು ಅವರ ಮನಸ್ಸಿನಲ್ಲಿ ಉಳಿಯುತ್ತದೆ.

ಹಸಿಗೆಡ್ಡೆಯ ಅಪಾಯ

ಪುಡಿ ಬಿಟ್ಟು ಗೆಡ್ಡೆಯನ್ನೇ ಹಿಡಿದವರಿಗೂ ಒಂದು ಎಚ್ಚರಿಕೆ ಹೇಳಬೇಕು. ವಾರಕ್ಕೊಂದು ದಿನ ನಾನು ಪೀಣ್ಯ ಕೈಗಾರಿಕಾ ಪ್ರದೇಶದ ಕೆಲಸಗಾರರನ್ನು ನೋಡಲು ಹೋಗುತ್ತೇನೆ. ಅಲ್ಲಿ ಒಮ್ಮೆ ಸಿದ್ಧ ಉಡುಪು ಕಾರ್ಖಾನೆಯ ಯುವತಿಯೊಬ್ಬಳು ಬಾಯಿ ಹಿಡಿದುಕೊಂಡು ಬಂದಳು. ತುಟಿ ಊದಿತ್ತು, ಗಂಟಲಲ್ಲಿ ಸೂಜಿ ಚುಚ್ಚಿದಂತೆ ಉರಿ. ಫೋನಿನಲ್ಲಿ ನೋಡಿದ ವಿಡಿಯೊದ ಹಾಗೆ ಸಾಮೆಗೆಡ್ಡೆಯ ಸಿಪ್ಪೆ ತೆಗೆದು, ಹಸಿಯಾಗಿಯೇ ಹಾಲಿನ ಜೊತೆ ಮಿಕ್ಸಿಗೆ ಹಾಕಿ, ಒಂದು ಕುದಿ ಬರಿಸಿ ಕುಡಿದಿದ್ದಳು. ಹಾಸನದ ಹಳ್ಳಿಯಲ್ಲಿರುವ ಅವಳ ತಾಯಿಯನ್ನು ಕೇಳಿದ್ದರೆ ಹೀಗಾಗುತ್ತಿರಲಿಲ್ಲ. ನಾಲ್ಕು ಹುಡುಗಿಯರು ಸೇರಿ ಬಾಡಿಗೆಗೆ ಹಿಡಿದ ಒಂಟಿ ಕೋಣೆಯಲ್ಲಿ ಕೇಳಲು ಯಾರಿದ್ದಾರೆ?

ಕೆಸುವಿನ ಎಲೆಯಲ್ಲೂ ಗೆಡ್ಡೆಯಲ್ಲೂ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳಿವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಥೇಟ್ ಸೂಜಿಗಳೇ. ಹಸಿಯಾಗಿ ತಿಂದರೆ ಇವು ನಾಲಿಗೆ, ಗಂಟಲುಗಳ ತೆಳು ಪೊರೆಗೆ ಚುಚ್ಚಿಕೊಂಡು ತುರಿಕೆ, ಉರಿ, ಊತ ತರುತ್ತವೆ. ಚೆನ್ನಾಗಿ ಬೇಯಿಸಿದರೆ ಈ ತುರಿಕೆ ಹೋಗುತ್ತದೆ. ಹುಳಿ ಸೇರಿದರೆ ಇನ್ನೂ ಒಳ್ಳೆಯದೆಂದು ನಮ್ಮ ಹಿರಿಯರು ಪತ್ರೊಡೆಗೂ ಸಾಮೆಗೆಡ್ಡೆ ಹುಳಿಗೂ ಹುಣಸೆಹಣ್ಣು ಹಾಕಿದರು. ಆದರೆ ಹಾಲಿಗೆ ಹುಣಸೆ ಹಾಕುವಂತಿಲ್ಲ, ಒಡೆದುಹೋಗುತ್ತದೆ. ಆದ್ದರಿಂದ ಹಾಲಿಗೆ ಸೇರುವ ಗೆಡ್ಡೆ ಅದಕ್ಕೆ ಮೊದಲೇ ಪೂರ್ತಿ ಬೆಂದಿರಬೇಕು. ಹುಳಿಯಲ್ಲಾದರೆ ಸ್ವಲ್ಪ ಅರೆಬೆಂದರೂ ಹುಣಸೆ ಕಾಪಾಡೀತು, ಹಾಲಿನಲ್ಲಿ ಕಾಪಾಡುವವರಿಲ್ಲ.

ಒಂದು ವೇಳೆ ಬಾಯಿ ತುರಿಸಿದರೆ ಬಾಯಿ ಮುಕ್ಕಳಿಸಿ ತಣ್ಣನೆಯ ಹಾಲು ಇಲ್ಲವೆ ಮೊಸರು ಕುಡಿಯಿರಿ. ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಕಡಿಮೆಯಾಗುತ್ತದೆ. ನಾಲಿಗೆ ಊದಿ, ನುಂಗಲು ಇಲ್ಲವೆ ಉಸಿರಾಡಲು ಕಷ್ಟವಾದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಮನೆಯಲ್ಲಿ ಮಾಡುವ ಬಗೆ

ನಾಲ್ಕು ಲೋಟಕ್ಕೆ ಅಳತೆ ಹೇಳುತ್ತೇನೆ. ಕಾಲು ಕಿಲೋ ಸಾಮೆಗೆಡ್ಡೆಯ ಮಣ್ಣನ್ನು ಚೆನ್ನಾಗಿ ತೊಳೆದು, ಸಿಪ್ಪೆ ಸಮೇತ ಕುಕ್ಕರಿನಲ್ಲಿ ನೀರು ಹಾಕಿ ನಾಲ್ಕು ಕೂಗು ಕೂಗಿಸಿ. ಚಾಕು ಚುಚ್ಚಿದರೆ ಬೆಣ್ಣೆಗೆ ಹೋದಂತೆ ಹೋಗಬೇಕು. ಬೆಂದ ನೀರನ್ನು ಚೆಲ್ಲಿಬಿಡಿ. ನೀರಿನಲ್ಲಿ ಕರಗುವ ಆಕ್ಸಲೇಟಿನ ಒಂದು ಭಾಗ ಅದರೊಂದಿಗೇ ಹೋಗುತ್ತದೆ. ಸಿಪ್ಪೆ ಸುಲಿದು ನುಣ್ಣಗೆ ಕಿವುಚಿ. ಹಸಿಗೆಡ್ಡೆ ಮುಟ್ಟಿದರೆ ಕೈ ತುರಿಸುವವರು ಮೊದಲೇ ಅಂಗೈಗೆ ಸ್ವಲ್ಪ ಎಣ್ಣೆ ಸವರಿಕೊಳ್ಳಿ.

ಇನ್ನೊಂದು ಕಡೆ ಎರಡು ಲೋಟ ನೀರಿಗೆ ಎರಡು ಚಮಚ ಟೀ ಸೊಪ್ಪು ಹಾಕಿ, ಕುದಿಸಿ ಸೋಸಿಕೊಳ್ಳಿ. ಎರಡು ಲೋಟ ಹಾಲು ಕಾಯಿಸಿ. ಕಿವುಚಿದ ಗೆಡ್ಡೆ, ಹಾಲು, ಟೀ ಕಷಾಯ, ಒಂದೆರಡು ಏಲಕ್ಕಿ ಎಲ್ಲವೂ ಸ್ವಲ್ಪ ಆರಿದ ಮೇಲೆ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ. ಸಿಹಿ ನಾಲ್ಕು ಲೋಟಕ್ಕೂ ಸೇರಿ ನಾಲ್ಕು ಚಮಚ ಸಾಕು. ಬೆಲ್ಲ ಹಾಕುವವರು ಕುದಿಯುವ ಹಾಲಿಗೆ ಹಾಕಬೇಡಿ, ಒಡೆಯಬಹುದು. ಬಿಸಿ ಇಳಿದ ಮೇಲೆ ಹಾಕಿ. ಬೆಲ್ಲವೂ ಸಕ್ಕರೆಯ ಲೆಕ್ಕಕ್ಕೇ ಸೇರುತ್ತದೆ ಎಂಬುದು ನೆನಪಿರಲಿ. ಬಿಸಿಯಾಗಿಯೂ ಕುಡಿಯಬಹುದು, ಫ್ರಿಜ್ಜಿನಲ್ಲಿಟ್ಟು ತಣ್ಣಗೂ ಕುಡಿಯಬಹುದು. ಉಳಿದರೆ ಫ್ರಿಜ್ಜಿನಲ್ಲೇ ಇಟ್ಟು ಅದೇ ದಿನ ಮುಗಿಸಿ. ಹಾಲೂ ಪಿಷ್ಟವೂ ಸೇರಿದ ಪಾನೀಯ ಬೇಗ ಕೆಡುತ್ತದೆ.

ಹನ್ನೆರಡು ವರ್ಷದೊಳಗಿನ ಮಕ್ಕಳ ಲೋಟಕ್ಕೆ ಟೀ ಕಷಾಯವೇ ಬೇಡ, ಬರಿಯ ಹಾಲು ಗೆಡ್ಡೆ ಸಾಕು. ರುಚಿಯಲ್ಲಿ ಅದು ತೆಳು ಪಾಯಸಕ್ಕೆ ಹತ್ತಿರ. ಗುಂಡುಗಳು ಬೇಕೇಬೇಕೆಂದು ಹಠ ಮಾಡುವ ದೊಡ್ಡ ಮಕ್ಕಳಿಗೆ ನೆನೆಸಿ ಬೇಯಿಸಿದ ಸಣ್ಣ ಸಬ್ಬಕ್ಕಿ ಎರಡು ಚಮಚ ಹಾಕಿ, ಚಮಚದಲ್ಲಿ ತಿನ್ನಲು ಕೊಡಿ. ದಪ್ಪ ಕೊಳವೆಯಲ್ಲಿ ಹೀರುವಾಗ ದೊಡ್ಡ ಗುಂಡು ಸರಕ್ಕನೆ ಗಂಟಲಿಗೆ ಹೋಗಿ ಉಸಿರುನಾಳಕ್ಕೆ ಸಿಕ್ಕಿಕೊಳ್ಳುವ ಅಪಾಯವಿದೆ. ಐದು ವರ್ಷದೊಳಗಿನವರಿಗೆ ಗುಂಡುಗಳು ಬೇಡವೇ ಬೇಡ.

ನೇರಳೆಯೇ ಬೇಕೆನ್ನುವವರು ನೇರಳೆ ತಿರುಳಿನ ಸಿಹಿಗೆಣಸೋ ಬಳ್ಳಿಗೆಣಸೋ ಸಿಕ್ಕಿದಾಗ ತನ್ನಿ. ಬಳ್ಳಿಗೆಣಸನ್ನೂ ಹಸಿಯಾಗಿ ಬಳಸಬೇಡಿ. ಈ ಗೆಣಸುಗಳನ್ನು ನೀರಿನಲ್ಲಿ ಮುಳುಗಿಸಿ ಬೇಯಿಸುವುದಕ್ಕಿಂತ ಇಡ್ಲಿ ಪಾತ್ರೆಯ ಹಬೆಯಲ್ಲಿ ಬೇಯಿಸುವುದು ಮೇಲು. ನೀರಿನಲ್ಲಾದರೆ ಬಣ್ಣ ನೀರಿಗೆ ಇಳಿಯುತ್ತದೆ. ನಮ್ಮ ಹೊರವಲಯದ ಬಡಾವಣೆಗಳಲ್ಲಿ ಕೊಳವೆ ಬಾವಿಯ, ಟ್ಯಾಂಕರಿನ ಗಡಸು ನೀರು ಬೇರೆ. ಅದು ಕ್ಷಾರ ಗುಣದ್ದಾದ್ದರಿಂದ ಗೆಣಸು ನೀಲಿ, ಹಸಿರು ಛಾಯೆಗೆ ತಿರುಗಬಹುದು. ಹಾಗಾದರೆ ಕೆಟ್ಟಿತೆಂದು ಎಸೆಯಬೇಡಿ. ಸೋಡಾ ಪರೀಕ್ಷೆಯಲ್ಲಿ ಕಂಡ ಗುಣವೇ ಅದು. ಇಷ್ಟೆಲ್ಲ ಮಾಡಿದರೂ ಲೋಟದಲ್ಲಿ ಕಾಣುವುದು ಮಾಸಲು ನೇರಳೆಯೇ. ನಿಜವಾದ ಪದಾರ್ಥದ ಬಣ್ಣ ಸಾಮಾನ್ಯವಾಗಿ ಸಾಧುವಾಗಿರುತ್ತದೆ.

ಯಾರಿಗೆ ಎಷ್ಟು?

ಬೇಯಿಸಿದ 100 ಗ್ರಾಂ ಸಾಮೆಗೆಡ್ಡೆಯಲ್ಲಿ ಸುಮಾರು 35 ಗ್ರಾಂ ಶರ್ಕರಪಿಷ್ಟ, 5 ಗ್ರಾಂ ನಾರಿನಂಶ, 140 ಕ್ಯಾಲೊರಿ ಇವೆ. ಮೇಲಿನ ಅಳತೆಯಲ್ಲಿ ಒಂದು ಲೋಟಕ್ಕೆ 50 ಗ್ರಾಂ ಗೆಡ್ಡೆ ಸೇರುತ್ತದೆ. ಅದು ಪಿಷ್ಟದಲ್ಲಿ ಒಂದು ಚಪಾತಿಗೆ ಸಮ. ಆದ್ದರಿಂದ ಇದನ್ನು ಬಾಯಾರಿಕೆಯ ಪಾನೀಯವೆಂದು ಎಣಿಸದೆ ಸಂಜೆಯ ತಿಂಡಿ ಎಂದೇ ಎಣಿಸಿ. ಇದನ್ನು ಕುಡಿದ ದಿನ ಜೊತೆಗೆ ಬಿಸ್ಕತ್ತು, ಬೋಂಡ ಬೇಡ. ಮಧುಮೇಹಿಗಳು ಸಕ್ಕರೆ ಇಲ್ಲದೆ, ಅರ್ಧ ಲೋಟ, ಒಂದು ಚಪಾತಿಯನ್ನೋ ಹಿಡಿ ಅನ್ನವನ್ನೋ ಬಿಟ್ಟುಕೊಟ್ಟು ಕುಡಿಯಬಹುದು. 'ಗೆಡ್ಡೆ ತಾನೆ' ಎಂದು ಊಟದ ಮೇಲೆ ಸೇರಿಸಿದರೆ ಸಕ್ಕರೆ ಏರುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದೂ ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜು ಮಾಡಿತು. ನಾನು ಆರಂಭದಲ್ಲಿ ಹೇಳಿದ ಹುಡುಗಿ ನಿಂತಿದ್ದದ್ದು ಆ ಹೊಸ್ತಿಲಿನ ಸನಿಹದಲ್ಲೇ.

ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲಾಗಿದ್ದವರು ಕೆಸುವನ್ನು ಅಪರೂಪಕ್ಕೆ ಮಾತ್ರ ತಿನ್ನುವುದು ಕ್ಷೇಮ. ಹಾಲಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಸ್ವಲ್ಪ ಹಿಡಿದಿಡುತ್ತದೆ ನಿಜ. ಆದರೆ ಟೀಯಲ್ಲೂ ಆಕ್ಸಲೇಟ್ ಇದೆಯೆಂಬುದು ಮರೆಯಬಾರದು. ಪೀಣ್ಯದಲ್ಲಿ ಕುಲುಮೆಯ ಮುಂದೆ ಬೆವರುವವರಲ್ಲಿ, ಶೌಚಾಲಯಕ್ಕೆ ಬಿಡುವು ಸಿಗದೆಂದು ನೀರು ಕುಡಿಯುವುದನ್ನೇ ಬಿಟ್ಟ ಹೆಣ್ಣುಮಕ್ಕಳಲ್ಲಿ ಕಲ್ಲಿನ ತೊಂದರೆಯನ್ನು ನಾನು ಆಗಾಗ ನೋಡುತ್ತೇನೆ. ಅಂಥವರಿಗೆ ಮೊದಲು ಬೇಕಾದದ್ದು ನೀರು. ಮೂತ್ರಪಿಂಡದ ಕೆಲಸವೇ ಕುಂದಿರುವವರಿಗೆ ಗೆಡ್ಡೆಯಲ್ಲಿರುವ ಪೊಟ್ಯಾಸಿಯಂ ಕೂಡ ಹೆಚ್ಚಾದೀತು. ಅವರು ತಮ್ಮ ವೈದ್ಯರನ್ನು ಕೇಳದೆ ಕುಡಿಯಬಾರದು.

ಟೀಯ ಮಾತೂ ಇದೆ. ಊಟದ ಜೊತೆ ಇಲ್ಲವೆ ಊಟವಾದ ಕೂಡಲೆ ಟೀ ಕುಡಿದರೆ ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಆದ್ದರಿಂದ ಟೀ ಬೆರೆತ ಪಾನೀಯಕ್ಕೂ ಊಟಕ್ಕೂ ನಡುವೆ ಒಂದು ಗಂಟೆಯಾದರೂ ಅಂತರವಿರಲಿ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಾತ್ರಿ ಪಾಳಿ ಮಾಡುವ ತರುಣರು ಊಟ ಬಿಟ್ಟು ಇಂಥ ದೊಡ್ಡ ಲೋಟ ಕುಡಿದು ಹೊಟ್ಟೆ ತುಂಬಿತೆನ್ನುತ್ತಾರೆ. ತುಂಬಿದ್ದು ಹೊಟ್ಟೆ ಮಾತ್ರ. ಮುಂಜಾನೆ ನಿದ್ದೆ ಬಾರದೆ ಒದ್ದಾಡುವುದಕ್ಕೆ ಅದರಲ್ಲಿಯ ಕೆಫೀನೂ ಒಂದು ಕಾರಣವಾಗಬಹುದು.

ನೇರಳೆ ಗೆಣಸಿನ ಆಂಥೋಸಯನಿನ್ ಬಗ್ಗೆ ಜಾಹೀರಾತುಗಳು ಏನೇನೋ ಹೇಳುತ್ತವೆ. ಕ್ಯಾನ್ಸರ್ ತಡೆಯುತ್ತದೆ, ಸಕ್ಕರೆ ಇಳಿಸುತ್ತದೆ ಎಂದೆಲ್ಲ ನಂಬಬೇಡಿ. ಬಣ್ಣಬಣ್ಣದ ಸಹಜ ತರಕಾರಿ, ಹಣ್ಣು ತಿನ್ನುವುದು ಒಳ್ಳೆಯ ಅಭ್ಯಾಸ. ಅದರಾಚೆಗೆ ಇದು ಔಷಧವಲ್ಲ, ಆಹಾರ.

ನಾವು ಕೇಳಬೇಕಾದದ್ದು

ಎಲ್ಲವನ್ನೂ ತಾಯಂದಿರ ತಲೆಗೆ ಕಟ್ಟುವುದು ನ್ಯಾಯವಲ್ಲ. ಪೊಟ್ಟಣದ ಹಿಂದೆ ಇರುವೆಯ ಗಾತ್ರದ ಇಂಗ್ಲಿಷ್ ಅಕ್ಷರ ಓದಿ ಮಕ್ಕಳನ್ನು ಕಾಪಾಡಿಕೊಳ್ಳಿ ಎಂದು ಸುಮ್ಮನಿರುವುದು ಯಾವ ಜವಾಬ್ದಾರಿ? ಸಿಂಗಪುರದಲ್ಲಿ 2023ರ ಡಿಸೆಂಬರ್ 30ರಿಂದ ಅಂಗಡಿಯಲ್ಲೇ ತಯಾರಿಸಿ ಕೊಡುವ ಇಂಥ ಪಾನೀಯಗಳಿಗೂ ಸಕ್ಕರೆ, ಕೊಬ್ಬಿನ ಪ್ರಮಾಣ ನೋಡಿ ದರ್ಜೆ ಕೊಡುವ ನಿಯಮ ಬಂದಿದೆ. ಕೆಳ ದರ್ಜೆಯವಾದರೆ ಬೆಲೆಪಟ್ಟಿಯಲ್ಲೇ ಅದನ್ನು ತೋರಿಸಬೇಕು. ತೀರಾ ಕೆಳಗಿನ 'ಡಿ' ದರ್ಜೆಯದಕ್ಕೆ ಜಾಹೀರಾತು ಕೊಡುವಂತಿಲ್ಲ. ನಮ್ಮಲ್ಲೂ 2025ರಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ 'ಸಕ್ಕರೆ ಫಲಕ' ಹಾಕಬೇಕೆಂದು ಸೂಚಿಸಿತು. ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆ ಎಂಬುದು ಮಕ್ಕಳ ಕಣ್ಣಿಗೆ ಬೀಳಲಿ ಎಂಬುದು ಅದರ ಉದ್ದೇಶ. ಶಾಲೆಯ ಗೋಡೆಗೆ ಒಪ್ಪುವ ಈ ಫಲಕ ಮಾಲ್‌ನ ಅಂಗಡಿಗೆ, ಐಟಿ ಕಂಪನಿಗಳ ಕ್ಯಾಂಟೀನಿಗೆ ಯಾಕೆ ಬೇಡ? ದರದ ಪಕ್ಕದಲ್ಲೇ 'ಸಕ್ಕರೆ ಇಷ್ಟು ಚಮಚ' ಎಂದು ಕನ್ನಡದಲ್ಲಿ ಬರೆದರೆ ಅರ್ಧ ಕೆಲಸ ಆದಂತೆ. ಬಡಾವಣೆಯ ನಿವಾಸಿಗಳ ಸಂಘಗಳು, ಶಾಲೆಯ ಪಾಲಕರ ಸಭೆಗಳು ಇದನ್ನು ಕೇಳಬೇಕು. ವ್ಯಾಪಾರಿಗಳು ಬೇಡವೆಂದರೆ ಬೇಡವೆನ್ನುವ ಕಾರಣವನ್ನಾದರೂ ಹೇಳಲಿ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಪ್ರಕಾರ ದಿನಕ್ಕೆ ಮೇಲಿಂದ ಸೇರಿಸುವ ಸಕ್ಕರೆ 25 ಗ್ರಾಂ, ಅಂದರೆ ಐದು ಚಮಚದ ಒಳಗಿದ್ದರೆ ಉತ್ತಮ. ಈ ಒಂದು ಸಂಖ್ಯೆ ನೆನಪಿಟ್ಟುಕೊಂಡರೂ ಸಾಕು, ಎಷ್ಟೋ ಪೊಟ್ಟಣಗಳು ಅಂಗಡಿಯಲ್ಲೇ ಉಳಿಯುತ್ತವೆ.

ಆ ತಾಯಿ, ಮಗಳು ಮೂರು ತಿಂಗಳ ಮೇಲೆ ಮತ್ತೆ ಬಂದಿದ್ದರು. ತೂಕ ಹೆಚ್ಚೇನೂ ಇಳಿದಿರಲಿಲ್ಲ. ಏರುವುದು ಮಾತ್ರ ನಿಂತಿತ್ತು. ಕತ್ತಿನ ಕಪ್ಪು ಹಾಗೇ ಇತ್ತು, ಅದು ಹೋಗಲು ಕಾಲ ಬೇಕು. ಈಗ ವಾರಕ್ಕೆ ಎರಡೇ ದಿನ, ಸಾಮೆಗೆಡ್ಡೆಯನ್ನೇ ಬೇಯಿಸಿ ಮಾಡುತ್ತಾರಂತೆ. ಕಿವುಚುವ ಕೆಲಸ ಮಗಳದು. ಹೇಗಿದೆ ಎಂದು ಕೇಳಿದೆ. ಹುಡುಗಿ ಮೂತಿ ಸೊಟ್ಟ ಮಾಡಿ, "ನೋಡೋಕೆ ಬೂದಿ ಥರ ಇದೆ ಡಾಕ್ಟ್ರೇ" ಎಂದಳು. ತಾಯಿಯ ಕಡೆ ನೋಡಿ, "ಆದ್ರೆ ಅಜ್ಜಿ ಮಾಡೋ ಪಾಯಸದ ಥರ ಇದೆ" ಎಂದು ಸೇರಿಸಿದಳು.

ಬಣ್ಣ ಹೋದರೆ ಹೋಗಲಿ. ಮುಂದಿನ ಸಲ ಸಂತೆಗೆ ಹೋದಾಗ ಕಾಲು ಕಿಲೋ ಸಾಮೆಗೆಡ್ಡೆ ತನ್ನಿ, ಚೆನ್ನಾಗಿ ಬೇಯಿಸಿ, ಸಕ್ಕರೆಯ ಡಬ್ಬಿಯನ್ನು ಸ್ವಲ್ಪ ದೂರವಿಡಿ.